ಮೆಹೆಂದಿ ಬೆರಳಿನ ತೊಂಬತ್ತಾರು

ರಾಯಚೂರಿನ ಆ ಆಸ್ಪತ್ರೆಯ ಹಿಂದಿನ ವರಾಂಡಕ್ಕೆ ತಗಡಿನ ಮಾಡು. ಮಳೆ ಹಿಡಿಯಿತೆಂದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಅವತ್ತು ಮಧ್ಯಾಹ್ನದ ಮಳೆ ಸ್ವಲ್ಪ ಇಳಿದಾಗ ಊಟ ಮುಗಿಸಿ ಮೂವರು ಅಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಆರು ತಿಂಗಳ ಹಿಂದೆ ಮಾನ್ವಿಯಿಂದ ಬಂದ ನರ್ಸ್ ವಿಜಯಲಕ್ಷ್ಮಿ, ಸ್ಟ್ರೆಚರ್ ತಳ್ಳುವ ಹಫೀಜ್, ಮೂವತ್ತು ವರ್ಷದಿಂದ ಇದೇ ವಾರ್ಡಿನಲ್ಲಿ ಆಯಾ ಆಗಿರುವ ಅನ್ನಮ್ಮ. ಚಹಾ ಕುಡಿಯುವಾಗಲೂ ಅನ್ನಮ್ಮ ಕೈಗವಸು ತೆಗೆಯುತ್ತಿರಲಿಲ್ಲ.

ಈ ಮಳೆಗಾಲದ ಕೆಟ್ಟ ಫ್ಲೂಗೆ ವಾರ್ಡು ತುಂಬಿಹೋಗಿತ್ತು. ಊಟಕ್ಕೆ ಏಳುವ ಮೊದಲು ವಿಜಯಲಕ್ಷ್ಮಿ ಒಬ್ಬೊಬ್ಬರ ಬೆರಳಿಗೂ ಆಕ್ಸಿಜನ್ ನೋಡುವ ಕ್ಲಿಪ್ಪು ಹಾಕಿ ಸಂಖ್ಯೆ ಬರೆದಿದ್ದಳು. ಏಳನೇ ಮಂಚದ ದೇವದುರ್ಗದ ಗಡಿಗೆಪ್ಪನ ಬೆರಳಲ್ಲಿ ತೊಂಬತ್ತೈದರ ಮೇಲಿರಬೇಕಾದ ಕ್ಲಿಪ್ಪು ಎಪ್ಪತ್ತೆಂಟು ತೋರಿಸಿತ್ತು. ಮುದುಕ ನೋಡಿದರೆ ಆರಾಮಾಗಿ ಕೂತು ಚಹಾ ಕೇಳುತ್ತಿದ್ದ. ಮಳೆಯ ಥಂಡಿಗೆ ಕೈ ತಣ್ಣಗಾಗಿದೆ, ಕ್ಲಿಪ್ಪು ತಪ್ಪು ತೋರಿಸುತ್ತಿದೆ ಎಂದುಕೊಂಡು ಅವಳು ತೊಂಬತ್ತಾರು ಎಂದು ಬರೆದು ಬಂದಿದ್ದಳು. ಮತ್ತೊಮ್ಮೆ ನೋಡಿದರಾಯಿತು ಎಂದುಕೊಂಡದ್ದು ಹಾಗೇ ಉಳಿದಿತ್ತು.

"ಅನ್ನಮ್ಮಗ ಕಾಲ್ಬೆರಳಿಗೂ ಕ್ಲಿಪ್ಪು ಹಾಕಿ ನೋಡೋ ಚಟ," ಎಂದು ಹಫೀಜ್ ನಕ್ಕ. "ಕೈಬೆರಳಿಂದು ನಂಬಂಗಿಲ್ಲ ನೋಡ್ರಿ ಸಿಸ್ಟರ್."

ಅನ್ನಮ್ಮ ಲೋಟ ಕೆಳಗಿಟ್ಟಳು. ಅವಳ ಮುಖ ಗಂಟಿಕ್ಕಿತು.

"ನಗಪ್ಪಾ, ನಗು... ಆ ರಂಜಾನ್ ಹಬ್ಬದ ದಿನ ನೀ ಇಲ್ಲಿ ಇದ್ದಿದ್ರ ನಿನ್ನ ಬಾಯಾಗ ನಗು ಬರ್ತಿದ್ದಿಲ್ಲ. ಎರಡನೇ ಸಲದ ಕೊರೋನಾ ಅದು. ಅರವತ್ತು ಮಂಚಕ್ಕ ಮೂರು ಮಂದಿ ನರ್ಸು, ನಾವಿಬ್ಬರು ಆಯಾಗೋಳು. ಆ ಪ್ಲಾಸ್ಟಿಕ್ ಅಂಗಿ ಒಳಗ ಬೆವತು ಬೆವತು ಕಣ್ಣು ಕಾಣ್ತಿದ್ದಿಲ್ಲ... ಇದೇ ಏಳನೇ ಮಂಚಕ್ಕ ಒಬ್ಬಾಕಿನ್ನ ತಂದ್ರು. ಗುಲ್ಫಶಾ ಅಂತ ಹೆಸರು, ಮಾನ್ವಿಯಾಕಿ, ಇಪ್ಪತ್ತಾರು ವರ್ಷ. ಹಬ್ಬಕ್ಕಂತ ಮೆಹೆಂದಿ ಹಚ್ಕೊಂಡಿದ್ಲು, ಹಚ್ಕೊಂಡ ದಿನಾನೇ ಜ್ವರ ಏರಿತ್ತಂತ. ಹತ್ತೂ ಬೆರಳು, ಉಗುರು ಸುದ್ದಾ, ಕರ್ರಗ ಕೆಂಪಾಗಿದ್ವು.

"ಈ ರೋಗದ ಮೋಸ ಏನು, ಗೊತ್ತದೇನು ನಿಮಗ? ಎದಿ ಒಳಗ ಒಂದೊಂದೇ ಬಾಗಲಾ ಮುಚ್ಕೋತ ಬಂದ್ರೂ ಮನುಷ್ಯಾ ಛಲೋ ಮಾತಾಡ್ತಾನ. ಆಕೀನೂ ನಕ್ಕೋತ ಮಾತಾಡಿದ್ಲು, 'ಅಮ್ಮಾ, ಹಸಿವಿ ಆಗ್ಯಾದ' ಅಂದ್ಲು. ಕ್ಲಿಪ್ಪು ಹಾಕಿದ್ರ ಎಪ್ಪತ್ತೊಂದು... ನರ್ಸು ಗಾಬರಿಯಾಗಿ ನನ್ನ ಮಾರಿ ನೋಡಿದ್ಲು. ಆಗ ನಾ ಅಂದೆ. ನಾನೇ ಅಂದೆ, ಬ್ಯಾರೆ ಯಾರೂ ಅಲ್ಲ... 'ಮೆಹೆಂದಿ ಅದರೀ ಸಿಸ್ಟರ್, ಉಗುರು ದಾಟಿ ಬೆಳಕು ಹಾಯಂಗಿಲ್ಲ, ಹಬ್ಬದಾಗ ಇವರದೆಲ್ಲಾ ಹಿಂಗ ತೋರಿಸತದ.' ಹಿಂದಿನ ದಿನ ಇಬ್ಬರು ಹೆಣ್ಮಕ್ಕಳದು ಹಂಗ ಆಗಿತ್ತು. ಕಾಲ್ಬೆರಳಿಗೆ ಹಾಕಿದಮ್ಯಾಲ ಸರಿ ತೋರಿಸಿತ್ತು. ಈಕಿಗೂ ಹಾಕಿ ನೋಡಬೇಕಿತ್ತೋ ಇಲ್ಲೋ? ಎಷ್ಟು ಹೊತ್ತಿನ ಕೆಲಸ ಅದು? ನೋಡಲಿಲ್ಲ. ನನ್ನ ಮಾತು ಕೇಳಿ ಆ ನರ್ಸು ತೊಂಬತ್ತಾರು ಅಂತ ಬರದ್ಲು. ಖಾಲಿ ಇದ್ದ ಒಂದೇ ಒಂದು ಆಕ್ಸಿಜನ್ ಪೈಪು ಬಾಜೂ ಮಂಚಕ್ಕ ಹೋತು.

"ಗೇಟಿನ ಹೊರಗ ಅವರವ್ವ ಕುಬ್ರಾ ಬೇಗಂ ಹಬ್ಬದ ಶಾವಿಗಿ ಪಾಯಸ, ಶೀರ್ ಖುರ್ಮಾದ ಡಬ್ಬಿ ಹಿಡ್ಕೊಂಡು ಬಿಸಲಾಗ ನಿಂತಿದ್ಲು. ನಾನೇ ಹೋಗಿ, ನಿಮ್ಮ ಮಗಳಿಗಿ ತೊಂಬತ್ತಾರು ಅದ, ಚಿಂತಿ ಮಾಡಬ್ಯಾಡ್ರಿ ಅಂದೆ. ಆಕಿ ನನಗ ದುವಾ ಮಾಡಿ ಡಬ್ಬಿ ಕೊಟ್ಟು ಹೋದ್ಲು... ಆ ಡಬ್ಬಿ ತಗೊಂಡು ಒಳಗ ಬರಾಗ ತಿನ್ನಾಕ ಗುಲ್ಫಶಾ ಇದ್ದಿಲ್ಲ."

ಅನ್ನಮ್ಮ ಲೋಟದಲ್ಲಿ ಉಳಿದ ಚಹಾವನ್ನು ಮಳೆಗೆ ಚೆಲ್ಲಿದಳು. ಮತ್ತೆ ಬಾಯಿ ತೆರೆದಾಗ ಅವಳ ದನಿಯಲ್ಲಿ ಸಿಟ್ಟಿತ್ತು.

"ವಿಚಾರಣಿ ಮಾಡಾಕ ದೊಡ್ಡ ಮಂದಿ ಬಂದ್ರು. ಏನು ನೋಡಿದ್ರು? ಕಾಗದ ನೋಡಿದ್ರು. ತೊಂಬತ್ತಾರು ಇದ್ದಾಕಿ ಹ್ಯಾಂಗ ಸತ್ಲು ಅಂತ ಒಬ್ಬ ನನ್ಮಗನೂ ಕೇಳಲಿಲ್ಲ, ಸಹಿ ಹಾಕಿ ಎದ್ದು ಹೋದ್ರು. ನಾ ಬಾಯಿ ಬಿಡಬೇಕಿತ್ತು, ಹೊಟ್ಟಿಪಾಡಿಗಿ ಅಂಜಿ ಬಿಡಲಿಲ್ಲ. ಕಾಗದದ ಮ್ಯಾಲ ಆಕಿ ಇವತ್ತಿಗೂ ಆರಾಮದಾಳ... ಹಂಗಿದ್ದ ಮ್ಯಾಲ ಆಕಿ ಎಲ್ಲಿಗಿ ಹೋಗಬೇಕು, ಹೇಳ್ರಿ? ಹೋಗಿಲ್ಲ. ಈ ವಾರ್ಡಿನಾಗ ಸುಳ್ಳು ಸಂಖ್ಯಾ ಬರದವರ, ಬರಸಿದವರ ಬೆರಳಿಗಿ ತನ್ನ ಮೆಹೆಂದಿ ಹಚ್ತಾಳ. ಮೊದಲ ಬೆರಳ ತುದಿ ತಣ್ಣಗಾಗತದ, ಹಸೀ ಮೆಹೆಂದಿ ಮೆತ್ತಿದಂಗ. ಆಮ್ಯಾಲ ತಿಳೀ ಬಣ್ಣ ಬರತದ. ತಿಳಿ ಇರೋತನಕ ರೋಗಿ ಬದುಕಿರ್ತಾನ. ಕರ್ರಗ ಕೆಂಪಾತು ಅಂದ್ರ... ಮುಗೀತು, ಆ ಬಣ್ಣ ಮತ್ತ ಹೋಗಂಗಿಲ್ಲ. ಆ ನರ್ಸು ಅದನ್ನ ನೋಡಿಕೋತ ಇರಲಾರದ ಕೆಲಸಾ ಬಿಟ್ಲು. ನಾ ವರ್ಷಾನುಗಟ್ಟಲೆ ಕಲ್ಲು ತಗೊಂಡು ತಿಕ್ಕಿ ನೋಡೀನಿ."

ಅವಳು ಬಲಗೈಯ ಗವಸು ಕಿತ್ತಳು. ಬಿಳಿಚಿಕೊಂಡ ಮುದಿ ಕೈಯ ಐದೂ ಬೆರಳ ತುದಿ, ಉಗುರಿನ ಸಮೇತ, ಕಪ್ಪುಗೆಂಪಾಗಿದ್ದವು. ಹಫೀಜ್ ನಗು ಮರೆತು ಸರಿದು ಕೂತ.

ವಿಜಯಲಕ್ಷ್ಮಿಗೆ ಅಷ್ಟು ಹೊತ್ತಿಗಾಗಲೇ ಪೆನ್ನು ಹಿಡಿಯುವ ಬೆರಳುಗಳು ಮರಗಟ್ಟುವಷ್ಟು ತಣ್ಣಗಾಗಿದ್ದವು. ಬಿಸಿ ಲೋಟವನ್ನು ಎಷ್ಟು ಬಿಗಿಯಾಗಿ ಹಿಡಿದರೂ ಶಾಖ ತಾಗುತ್ತಿರಲಿಲ್ಲ. ಅವಳು ಹೆದರಿದಳು, ಹೆದರಿಕೆಗಿಂತ ಹೆಚ್ಚು ನಾಚಿಕೆಯಾಯಿತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡದ್ದು ಅನ್ನಮ್ಮನ ಕಣ್ಣಿಗೆ ಬಿತ್ತು. ಮುದುಕಿ ಎದ್ದು ಬಂದು ಆ ಕೈಯನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. ಮೂರು ಬೆರಳ ತುದಿಗೆ ಕಿತ್ತಳೆ ಬಣ್ಣ ಹತ್ತಿತ್ತು.

"ಯಾವ ಮಂಚ?"

"ಏಳು," ಎಂದಳು ವಿಜಯಲಕ್ಷ್ಮಿ. "ತಾತ ಛಲೋ ಮಾತಾಡಾಕತ್ತಿದ್ದ, ಅದಕ್ಕ..."

"ಆಕೀನೂ ಛಲೋನೇ ಮಾತಾಡಿದ್ಲು," ಎಂದು ಅನ್ನಮ್ಮ ಹಲ್ಲು ಕಚ್ಚಿದಳು. "ಹಫೀಜ್, ಡಾಕ್ಟರನ್ನ ಕರಿ. ನೀ ಓಡವಾ, ಇನ್ನಾ ತಿಳಿ ಅದ. ಮೊದಲ ಆಕ್ಸಿಜನ್ ಹಚ್ಚು, ಕಾಗದ ಆಮ್ಯಾಲ ತಿದ್ದೀಯಂತ. ಮುದುಕನ ಬಾಜೂ ಮೆಹೆಂದಿ ಕೈಯಾಕಿ ಒಬ್ಬಾಕಿ ಅವನ ಬೆರಳು ಹಿಡ್ಕೊಂಡು ಕುಂತಿರ್ತಾಳ... ಎದ್ದು ಹೋಗು ಅನಬ್ಯಾಡ ಆಕಿಗಿ. ನೀ ಹೋಗೋತನಕ ಅವನ ಉಸಿರು ಎಣಸವರು ಅಲ್ಲಿ ಬ್ಯಾರೆ ಯಾರದಾರ?"