ಭಾವನ ಹೊಲಿದ ಕಿಸೆ

...ಹೊಲಿದೇ ಬಿಟ್ಟೆ ಮಾರಾಯ! ಸೂಜಿಗೆ ದಾರ ಪೋಣಿಸಿದೆ, ನಿನ್ನ ಭಾವನ ಅಂಗಿಯ ಕಿಸೆಯ ಬಾಯಿಯನ್ನು ಈ ಕೊನೆಯಿಂದ ಆ ಕೊನೆಗೆ ಹೊಲಿದು ಗಂಟು ಹಾಕಿದೆ. ಒಂದಲ್ಲ, ಇದ್ದಬದ್ದ ಅಂಗಿಯದ್ದೆಲ್ಲ! ಯಾಕೆ ನಗ್ತಿ? ಆಗ್ಲಿ, ನಗು. ಬೊಂಬಾಯಿಯಿಂದ ಇಳಿದು ಬಂದವನ ಮುಖದಲ್ಲಿ ಈಗಷ್ಟೇ ಒಂದು ನಗು ಕಂಡಿತು. ಬರುವಾಗ ಎಂತ, ಸೂತಕದ ಮನೆಗೆ ಬಂದವನ ಹಾಗೆ ಬಂದಿ.

ಕಾಫಿ ಕುಡಿ. ಬೆಲ್ಲದ್ದು. ಸಕ್ಕರೆ ಈ ಮನೆಯ ಹೊಸ್ತಿಲು ದಾಟದೆ ವರ್ಷ ಆಯ್ತು.

ಅವರಿಗೆ ಹೇಳಿದೆನಾ ಅಂತ ಕೇಳ್ತಿಯಾ? ಎಂತಕ್ಕೆ ಹೇಳುವುದು! ಅಂಗಿ ಒಗೆಯುವವಳು ನಾನು, ಕಿಸೆಗೆ ಚಿಲ್ಲರೆ ಹಾಕುವವಳೂ ನಾನು. ಅವರಿಗೆ ನೋಡುವ ಕ್ರಮವೇ ಇಲ್ಲ. ಅಂಗಿ ಹಾಕುವುದು, ಹೆಗಲಿಗೆ ಶಾಲು ಎಳೆಯುವುದು, ಹೊರಡುವುದು. ಅವತ್ತು ಮಿಲ್ಲಿಗೆ ಹೋಗುವ ದಾರಿಯಲ್ಲಿ ಹೋಟೆಲಿಗೆ ಹೊಕ್ಕಿದ್ದಾರೆ. ಅಲ್ಲಿ ಕಾದು ಕೂತ ಪಟಾಲಂ ಒಂದುಂಟಲ್ಲ, 'ಗುತ್ತಿನ ಶೆಟ್ರು ಬಂದ್ರು, ಗುತ್ತಿನ ಶೆಟ್ರು ಬಂದ್ರು' ಅಂತ ಬೆಂಚು ಸರಿಸಿ ಜಾಗ ಕೊಟ್ಟಿದ್ದಾರೆ. ಎಲ್ಲರಿಗೂ ಬನ್ಸ್, ಎಲ್ಲರಿಗೂ ಗೋಳಿಬಜೆ, ಎಲ್ಲರಿಗೂ ಕಾಫಿ! ತಿಂದಾಯ್ತು, ತೇಗಿದ್ದಾಯ್ತು. ಇವರು ಎದ್ದು ಗತ್ತಿನಲ್ಲಿ ಕೈಯನ್ನು ಕಿಸೆಗೆ ಹಾಕ್ತಾರೆ... ಕೈ ಹೋಗ್ತದೆ, ಜಾರ್ತದೆ. ಹೋಗ್ತದೆ, ಜಾರ್ತದೆ. ನಿಝಾಮುದ್ದೀನ್ ಇದ್ದಾನಲ್ಲ, ಕಟ್ಟಿದ ಬೀಡಿ ತಗೊಳ್ಳುವ ಬ್ರಾಂಚಿನವ, ಅವ ಹೆದರಿ ಓಡಿ ಬಂದು 'ಎದೆ ನೋವಾ ಶೆಟ್ರೇ?' ಅಂತ ಕೇಳಿದನಂತೆ! ನೀರು ಬೇರೆ ಕುಡಿಸಿದ್ದಾರೆ ಮಾರಾಯ!

ಲೆಕ್ಕಕ್ಕೆ ಬರೆಸುವ ಹಾಗೂ ಇಲ್ಲ. ಹಿಂದಿನ ದಿನವೇ ನಾನು ಹೋಗಿ ಹೋಟೆಲಿನ ಭಟ್ರಿಗೆ ಹೇಳಿ ಬಂದಿದ್ದೆ, 'ಇನ್ನು ನಮ್ಮವರಿಗೆ ಸಾಲ ಬರೆದ್ರೆ ಅದು ನೀರಲ್ಲಿ ಬರೆದ ಹಾಗೆ' ಅಂತ. ಹೆಂಗಸು ಹೋಟೆಲಿನ ಮೆಟ್ಟಿಲು ಹತ್ತಿದ್ದು ಬಂಟ್ವಾಳ ಪೇಟೆಯಲ್ಲಿ ಅದೇ ಮೊದಲು ಇರ್ಬೇಕು. ಕಡೆಗೆ ಆ ಪಟಾಲಂನವರೇ ಚಡ್ಡಿಯ ಕಿಸೆ ಕೆದಕಿ ಕಾಸು ಒಟ್ಟು ಮಾಡಿ ಕೊಟ್ರಂತೆ. ಮರುದಿನದಿಂದ ಒಬ್ಬನೂ ಬೆಂಚು ಸರಿಸಲಿಲ್ಲ. ಅಷ್ಟೇ ಅವರ ಭಕ್ತಿ!

ಗೊತ್ತುಂಟು, ಗೊತ್ತುಂಟು, ನಿನಗೆ ಗಡಿಬಿಡಿ. ಕಾಗದ ಮುಟ್ಟಿದೆ. ಮಾಣಿ ಪೇಟೆಯಲ್ಲಿ ಹೋಟೆಲಿಗೆ ಕೋಣೆ ನೋಡಿದ್ದಿ, ಕೋಣೆಯ ಯಜಮಾನ ಅಬ್ದುಲ್ ನಾಸಿರ್ ನಾಳೆಯವರೆಗೆ ಮಾತ್ರ ಕಾಯ್ತಾನೆ, ಬೊಂಬಾಯಿಯಿಂದ ಕಳಿಸಿದ ದುಡ್ಡು ತೆಗೆದಿಡು ಅಕ್ಕಾ, ಅಂತ ಬರೆದಿದ್ದಿ. ಒಳ್ಳೆ ಜಾಗ. ಪುತ್ತೂರಿನ ಬಸ್ಸೂ ನಿಲ್ತದೆ, ಉಪ್ಪಿನಂಗಡಿಯ ಬಸ್ಸೂ ನಿಲ್ತದೆ. ಇನ್ನೊಬ್ಬನ ಹೋಟೆಲಿನಲ್ಲಿ ಲೋಟ ತೊಳೆದದ್ದು ಸಾಕು, ಇನ್ನು ನಿನ್ನ ಲೋಟ ಬೇರೆಯವರು ತೊಳೆಯಲಿ. ಅದರ ಮಾತು ಆಮೇಲೆ. ದುಡ್ಡು ಎಲ್ಲಿಗೆ ಓಡಿ ಹೋಗ್ತದೆ? ಮೊದಲು ನಿನ್ನ ಭಾವನ ಕಥೆ ಕೇಳು. ಊರೆಲ್ಲ ಕೇಳಿ ನಕ್ಕದ್ದು, ನೀನೊಬ್ಬನೇ ಬಾಕಿ.

ಗುತ್ತಿನವರಂತೆ, ಗುತ್ತು! ದೊಡ್ಡ ಮನೆತನ ಹೌದು, ನಾನು ಇಲ್ಲ ಅನ್ಲಿಲ್ಲ. ಆದ್ರೆ ನಮ್ಮ ಅಳಿಯಸಂತಾನದ ಕಟ್ಟಿನಲ್ಲಿ ಗುತ್ತು ಯಾರಿಗೆ? ಅವರ ಅಕ್ಕಂದಿರಿಗೆ, ಅಕ್ಕಂದಿರ ಮಕ್ಕಳಿಗೆ. ಇವರಿಗೆ ಸಿಕ್ಕಿದ್ದು ಗತ್ತು ಮಾತ್ರ! 'ನಾವು ಕೂತಲ್ಲಿ ಬೇರೆಯವರು ದುಡ್ಡು ಕೊಡಬಾರದು' ಅಂತೆ. ಕೆಲಸ ನೋಡಿದ್ರೆ ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರು, ಸಂಬಳ ಬರುವ ಮೊದಲೇ ಮುಗಿದಿರ್ತದೆ. ಮದುವೆಗೆ ಹೋಗುವಾಗ ಬಾಡಿಗೆ ಕಾರು! ಮೂಡಬಿದ್ರೆಗೆ ಬಸ್ಸಿಲ್ಲವಾ? ಉಂಟು. ಆದ್ರೆ ಗುತ್ತಿನವರು ಬಸ್ಸಿನಲ್ಲಿ ಇಳಿದ್ರೆ ಚಪ್ಪರ ಬೀಳ್ತದೆ! ಕೋಳಿ ಅಂಕದಲ್ಲಿ ಸೋತವನಿಗೆ ಇವರು ಕೈಯಿಂದ ಕೊಟ್ಟು ಸಮಾಧಾನ ಮಾಡುವುದು. ಸೋತವನಿಗೆ ಯಾರಾದ್ರೂ ಕೊಡ್ತಾರಾ? ಇವರು ಕೊಡ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ. ಅದೂ ಸಾಲದ ಮಲ್ಲಿಗೆ!

ಹಾಗೆ ಬೆಳೆದದ್ದು ಬಡ್ಡಿಗೆ ಕೊಡುವ ಸುಬ್ಬಪ್ಪಣ್ಣನ ಸಾಲ. ಆ ಮನುಷ್ಯನನ್ನು ನೋಡಿದ್ದಿಯಾ ನೀನು? ಮೇಣದ ಹಾಗೆ ಮೆತ್ತಗೆ. ಸಾಯಂಕಾಲ ಬಂದು ಇಗೋ ಇದೇ ಜಗಲಿಯಲ್ಲಿ, ನೀನು ಕೂತಲ್ಲೇ ಕೂರುವುದು. 'ಕ್ಷೇಮವಾ ಕಾಂತಿಯಕ್ಕಾ? ಮಕ್ಕಳು ಕ್ಷೇಮವಾ? ದನ ಕ್ಷೇಮವಾ?' ದುಡ್ಡಿನ ಮಾತು ಎತ್ತಿದ್ದೇ ಇಲ್ಲ! ಬೈದು ಹೋದ್ರೆ ಆಗ್ತಿತ್ತು. ಆ ಕ್ಷೇಮ ಕೇಳಿ ಕೇಳಿ ನನಗೆ ಕೂಳು ಇಳಿಯದ ಹಾಗೆ ಆಯ್ತು ಲೋಕು.

ಅವತ್ತೇ ಹೇಳಿದೆ, ಇನ್ನು ಈ ಮನೆಯ ಯಜಮಾನಿಕೆ ನನ್ನದು ಅಂತ. ಸಕ್ಕರೆ ಬಂದ್. ಅಂಜಲ್ ಮೀನು ಬಂದ್, ಬೂತಾಯಿ ಸಾಕು, ಅದೂ ಬುಟ್ಟಿಯವಳು ಮನೆಗೆ ಹೋಗುವ ಹೊತ್ತಿಗೆ ಅಗ್ಗ ಆದ ಮೇಲೆ. ಎಲೆಅಡಿಕೆ ಬಂದ್. ಇವರು ಎರಡು ದಿನ ಬಾಯಿ ಚಪ್ಪರಿಸುತ್ತಾ ಒಣಹುಲ್ಲು ಸಿಗದ ಎತ್ತಿನ ಹಾಗೆ ತಿರುಗಿದ್ರು. ನೆಂಟರು ಬಂದ್ರೆ ಗಂಜಿ, ಮಿಡಿ ಉಪ್ಪಿನಕಾಯಿ, 'ಉಂಡು ಹೋಗಿ' ಅಂತ ಒಂದೇ ಸಲ ಹೇಳುವುದು, ಎರಡನೇ ಸಲ ಹೇಳಬಾರದು! ಮಿಲ್ಲಿಗೆ ಹೋಗಿ ಸಂಬಳ ನಾನೇ ತರುವುದು. ಮೊದಲು ನಾಚಿಕೆ ಆಯ್ತು, ಆಮೇಲೆ ರೂಢಿ ಆಯ್ತು.

ಈಗ? ಒಂದು ಕಾಸು ಸಾಲ ಇಲ್ಲ! ಸುಬ್ಬಪ್ಪಣ್ಣನ ಎದುರೇ ಸಾಲದ ಪತ್ರ ಹರಿದು ಒಲೆಗೆ ಹಾಕಿದೆ. ಅವನ ಮುಖ ನೋಡ್ಬೇಕಿತ್ತು ನೀನು. ಇನ್ನು ಕ್ಷೇಮ ಯಾರದ್ದು ಕೇಳುವುದು ಅಂತ ಗೊತ್ತಾಗದೆ ದನವನ್ನೇ ನೋಡ್ತಾ ಹೋದ.

...ಎಂತದ್ದು? ಬೆರಳು ಯಾಕೆ ಮಡಚುತ್ತಿ? ಲೆಕ್ಕವಾ? ಏ, ಬಿಡು ಮಾರಾಯ! ಹೋಟೆಲಿನವರ ಚಾಳಿ ಇದು, ಕಾಫಿಗೆ ಎಷ್ಟು, ಸಕ್ಕರೆಗೆ ಎಷ್ಟು, ಮೀನಿಗೆ ಎಷ್ಟು ಅಂತ. ಎಲ್ಲ ಕೂಡಿಸಿದ್ರೂ ಅಷ್ಟು ದೊಡ್ಡ ಸಾಲ ತೀರುವುದಿಲ್ಲ ಅಂತ ನಿನ್ನ ಮುಖ ಹೇಳ್ತದೆ. ತೀರ್ತದೆ. ಹೆಂಗಸರ ಕೈಯ ಉಳಿತಾಯ ನಿನ್ನ ಬೆರಳಿನ ಲೆಕ್ಕಕ್ಕೆ ಸಿಗುವುದಲ್ಲ. ಕಾಫಿ ಕುಡಿ ಅಂದೆ, ಆರಿ ಹೋಯ್ತು.

ಆ ವಿನೋದಾನ ಸುದ್ದಿ ಗೊತ್ತಾಯ್ತಾ? ಪಾಣೆಮಂಗಳೂರಿನ ವಿನೋದಾ, ನಮ್ಮ ದೊಡ್ಡಮ್ಮನ ಮಗಳು. ಗಂಡ ಬೆಳ್ತಂಗಡಿಯಲ್ಲಿ ಸೋಡಾದ ಅಂಗಡಿ ಹಾಕಿ ಮುಳುಗಿದ. ಇವಳು ಹೋಗಿ ತಾಯಿಯ ಕಡೆಯ ಚಿನ್ನ ಮಾರಿ ಅವನ ಸಾಲ ಕಟ್ಟಿದಳು! ಕುಟುಂಬದ ಚಿನ್ನ! ಗಂಡ ಅಂದ್ರೆ ಬೇರೆ ಕುಟುಂಬದವ, ಬಂದವ, ನಾಳೆ ಎದ್ದು ಹೋಗುವವ. ಅವನ ಸಾಲಕ್ಕೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಸೊತ್ತಾ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಎಷ್ಟು ಉಗಿದೆ ಅವಳಿಗೆ ನಾನು! ಅವಳ ಅಣ್ಣ ಇವತ್ತಿಗೂ ಆ ಮನೆಯ ನೀರು ಮುಟ್ಟುವುದಿಲ್ಲ.

ಯಾಕೆ ಹಾಗೆ ನೋಡ್ತಿ?

ಭಾವ ಎಲ್ಲಿ ಅಂತವಾ? ಪೇಟೆಗೆ ಹೋಗಿದ್ದಾರೆ. ನಡೆದುಕೊಂಡು. ಈಗ ಎಲ್ಲ ನಡೆದುಕೊಂಡೇ, ಮಾತೇ ಇಲ್ಲ. ...ಚಪ್ಪಲಿಯಾ? ಹೌದು, ಅವರದ್ದೇ ಅದು, ಜಗಲಿಯ ಕೆಳಗೆ ಇರುವುದು. ಬರಿಗಾಲಲ್ಲಿ ಹೋಗ್ತಾರೆ ಈಗ. ಚಪ್ಪಲಿ ಸವೆಯಬಾರದಲ್ಲ! ಉಳಿತಾಯ ಅಂದ್ರೆ ಉಳಿತಾಯ. ನಾನು ಹೇಳಿದ್ದಲ್ಲ, ಅವರಿಗೇ ಈಗ ರುಚಿ ಹತ್ತಿದೆ.

ಅದು ಬೆಕ್ಕು. ಅಟ್ಟದಲ್ಲಿ ಬೆಕ್ಕು ಮರಿ ಹಾಕಿದೆ.

ಕೆಮ್ಮುತ್ತದೆ ಮಾರಾಯ! ಬೆಕ್ಕಿಗೆ ಕೆಮ್ಮು ಬರಬಾರದು ಅಂತ ಉಂಟಾ? ಹುಲ್ಲಿನ ಧೂಳು... ಮೇಲೆ ನೋಡ್ಬೇಡ, ಕಣ್ಣಿಗೆ ಕಸ ಬೀಳ್ತದೆ. ಇತ್ತ ನೋಡು. ನನ್ನನ್ನು ನೋಡು ಅಂದೆ! ಎಂತ, ಬೊಂಬಾಯಿಗೆ ಹೋದ್ರೆ ಮಾತೇ ಮರೆತು ಹೋಗ್ತದಾ? ಬಂದಲ್ಲಿಂದ ನಾನೊಬ್ಬಳೇ ಒದರ್ತಾ ಇದ್ದೇನೆ. ಸುಬ್ಬಪ್ಪಣ್ಣನಾದ್ರೂ ಕ್ಷೇಮ ಕೇಳ್ತಿದ್ದ. ನೀನು ಅದೂ ಇಲ್ಲ.

ಒಂದು ಮಾತು ಕೇಳ್ತೇನೆ, ಹೇಳು. ಸೋದರಮಾವನದ್ದು ಅಂದ್ರೆ ಯಾರದ್ದು? ಅಕ್ಕನ ಮಕ್ಕಳದ್ದೇ ಅಲ್ವಾ? ನಮ್ಮ ಹಿರಿಯರು ಕಟ್ಟಿದ ಕಟ್ಟು ಅದು, ನಾನು ಹೇಳಿದ್ದಲ್ಲ. ಈಗ ಸರಕಾರ ಏನೋ ಹೊಸ ಕಾನೂನು ತಂದಿದೆಯಂತೆ, ಗಂಡನದ್ದು ಹೆಂಡತಿಗೆ, ಅಪ್ಪನದ್ದು ಮಕ್ಕಳಿಗೆ ಅಂತ. ಮಾಡಲಿ. ಡೆಲ್ಲಿಯವರಿಗೆ ನಮ್ಮ ಕಟ್ಟು ಎಂತ ಗೊತ್ತು? ನೀನು ನಾಳೆ ಮದುವೆ ಆಗ್ತಿ, ಯಾವಳೋ ಬರ್ತಾಳೆ, ಹೋಟೆಲಿನ ಗಲ್ಲಾಪೆಟ್ಟಿಗೆಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸ್ತಾಳೆ. ಆಗ ಈ ಅಕ್ಕ ಯಾರು, ಅಕ್ಕನ ಮಕ್ಕಳು ಯಾರು! ಹಾಗಾದ್ರೆ ಸುಬ್ಬಪ್ಪಣ್ಣನ ಸಾಲಕ್ಕೆ ಕೋರ್ಟಿನ ಅಮೀನ ಜಪ್ತಿಗೆ ಬಂದು ಅಮ್ಮ ಕೊಟ್ಟ ಹಿತ್ತಾಳೆ ಹಂಡೆಗೆ ಕೈ ಹಾಕಿದಾಗ, ದನದ ಹಗ್ಗ ಬಿಚ್ಚಿದಾಗ, ಮಕ್ಕಳು ಬಾಗಿಲಲ್ಲಿ ನಿಂತು ನೋಡ್ತಿದ್ದಾಗ... ಮನೆಯಲ್ಲಿ ದುಡ್ಡು ಇಟ್ಟುಕೊಂಡು ನಾನು ಸುಮ್ಮನೆ ನಿಲ್ಲಬೇಕಿತ್ತಾ? ನಿನ್ನ ದುಡ್ಡು ಅಂತ ಅದರ ಮೇಲೆ ಬರೆದಿತ್ತಾ?

...

ನೀನು ಕೇಳಿಯೇ ಇಲ್ಲ ಅಲ್ವಾ? ದುಡ್ಡು ಎಲ್ಲಿ ಅಂತ ನೀನು ಒಂದು ಸಲವೂ ಕೇಳ್ಲಿಲ್ಲ. ಬಾಯೇ ಬಿಡ್ಲಿಲ್ಲ. ನಾನೇ... ಅಯ್ಯೋ ದೇವರೇ.

ಕೊಡ್ತೇನೆ. ಎಲ್ಲ ಕೊಡ್ತೇನೆ. ಅದಕ್ಕೇ ಅಲ್ವಾ ಈ ಸಕ್ಕರೆ ಬಂದ್, ಮೀನು ಬಂದ್? ಸುಬ್ಬಪ್ಪಣ್ಣನಿಗೆ ಕೊಡುವುದಕ್ಕಲ್ಲ, ಅವನದ್ದು ಯಾವಾಗಲೋ ತೀರಿ ಹೋಗಿದೆ. ಉಳಿಸುವುದು ನಿನಗೆ ಅಂತ. ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ತಂದು ತೋರಿಸ್ತೇನೆ. ಸ್ವಲ್ಪ ಉಂಟು. ಇಲ್ಲ, ಮಾಣಿಯ ಕೋಣೆಗೆ ಸಾಕಾಗುವಷ್ಟಿಲ್ಲ. ಕೋಣೆಯ ಬಾಗಿಲಿಗೂ ಸಾಕಾಗ್ಲಿಕ್ಕಿಲ್ಲ. ಬರೆಯುವ ಅಂತ ಎಷ್ಟು ಸಲ ಕಾರ್ಡು ತೆಗೆದೆ ಗೊತ್ತುಂಟಾ! ಏನಂತ ಬರೆಯುವುದು? ನೀನು ಅಲ್ಲಿ ಲೋಟ ತೊಳೆದು ಕಳಿಸಿದ್ದನ್ನು, ಇಲ್ಲಿ ಇವರು ಲೋಟಗಟ್ಟಲೆ ಊರಿಗೆ ಕುಡಿಸಿದ್ರು ಅಂತವಾ? ವಿನೋದಾ ಆದ್ರೂ ತಾಯಿಯ ಚಿನ್ನ ಮಾರಿದ್ದು. ನಾನು ತಮ್ಮನ ಬೆವರು ಮಾರಿದೆ.

ಎಲ್ಲಿಗೆ? ಪೆಟ್ಟಿಗೆ ಇಡು ಕೆಳಗೆ. ಊಟಕ್ಕೆ ಬೂತಾಯಿ ಪುಳಿಮುಂಚಿ ಮಾಡಿದ್ದೇನೆ, ನೀನು ಬರ್ತಿ ಅಂತ ಬೆಳಿಗ್ಗೆಯೇ ತಗೊಂಡದ್ದು, ಪೂರಾ ಕ್ರಯ ಕೊಟ್ಟು. ಏಯ್... ಕೇಳ್ತದಾ ಮೇಲೆ? ಇಳಿದು ಬನ್ನಿ ನೀವು! ಸಾಕು ಬೆಕ್ಕಿನ ವೇಷ! ನಿಮ್ಮ ಭಾವಮೈದುನ ಎದ್ದು ಹೊರಟಿದ್ದಾನೆ, ಒಂದು ಮಾತು ನೀವಾದ್ರೂ ಹೇಳಿ! ...ಇಳಿಯುವುದಿಲ್ಲ ನೋಡು. ಊರಿಗೆಲ್ಲ ಮುಖ ತೋರಿಸಿದವರಿಗೆ ನಿನಗೆ ತೋರಿಸ್ಲಿಕ್ಕೆ ಮುಖ ಇಲ್ಲ. ಇದು ಎಂತ, ಪೊಟ್ಟಣ? ಸೀರೆಯಾ? ನನಗಾ? ಬೇಡ ಲೋಕು, ಇದನ್ನು ಇಲ್ಲಿ ಇಟ್ಟು ಹೋಗ್ಬೇಡ. ಇದನ್ನು ನಾನು ಯಾವ ಮುಖದಲ್ಲಿ ಉಡುವುದು?

ಬಸ್ಸಿಗಾದ್ರೂ ಉಂಟಾ? ಕಿಸೆ ಯಾಕೆ ಮುಟ್ಟಿ ನೋಡ್ತಿ, ಇಲ್ವಾ? ನಿಲ್ಲು, ಡಬ್ಬಿಯಿಂದ ತರ್ತೇನೆ. ಬೇಡವಾ? ಕಲ್ಲಡ್ಕ ದಾಟಿ ಮಾಣಿಯವರೆಗೆ ಈ ಬಿಸಿಲಲ್ಲಿ ನಡೆಯುವುದಾ? ಅಲ್ಲಿ ಹೋಗಿ ಆ ನಾಸಿರಿಗೆ ಎಂತ ಹೇಳ್ತಿ?

ಬೈಯಿ ಮಾರಾಯ. ಕಳ್ಳಿ ಅನ್ನು. ವಿನೋದಾನ ಅಣ್ಣನ ಹಾಗೆ ಈ ಮನೆಯ ನೀರು ಮುಟ್ಟುವುದಿಲ್ಲ ಅಂತ ಆದ್ರೂ ಹೇಳು. ಕಾಫಿಗೆ ಬೆಲ್ಲ ಹಾಕಿದ್ದಕ್ಕಾದ್ರೂ ಬೈಯಿ! ಇಲ್ಲವಾ? ಬೈಯುವುದರಲ್ಲೂ ಉಳಿತಾಯವಾ? ಲೋಕೂ... ಗೇಟು ದಾಟ್ಬೇಡ... ನಿನ್ನ ಅಕ್ಕನ ಮೇಲೆ ಒಂದು ಮಾತು ಖರ್ಚು ಮಾಡಿ ಹೋಗೋ!