ಮಡ್ಲಕ್ಕಿ ಗಂಟು

ಹಾಸನದ ಬಸ್ ನಿಲ್ದಾಣದಲ್ಲಿ ಅನಸೂಯಮ್ಮನವರ ಪಕ್ಕ ಕೂತಿದ್ದ ಹೆಂಗಸು ತೊಡೆಯ ಮೇಲಿನ ಗಂಟನ್ನು ಒಮ್ಮೆಯೂ ಇಳಿಸಿರಲಿಲ್ಲ. ಬಸುರಿ ಮಗಳಿಗೆ ಒಯ್ಯುವ ಮಡ್ಲಕ್ಕಿ, ದಾರಿಯಲ್ಲೆಲ್ಲೂ ಕೆಳಗಿಡುವಂತಿಲ್ಲ. ಚನ್ನರಾಯಪಟ್ಟಣದ ಬಸ್ಸು ಹೊರಟುಹೋದ ಎಷ್ಟೋ ಹೊತ್ತಿನ ಮೇಲೆ ಅವಳ ಗಂಡ ಎಲೆಯಡಿಕೆ ಜಗಿಯುತ್ತ ಬಂದು ಕೂತ.

“ಬಸ್ಸು ಓಯ್ತು.”

“ಓಗ್ಲಿ ಬುಡಮ್ಮಿ, ಸಂಜೆಗೆ ಇನ್ನೊಂದೈತೆ.”

“ಮದ್ಯಾನ್ಕೇ ಮಡ್ಲು ತುಂಬ್ಬೇಕು ಅಂದಿದ್ರು ಬೀಗ್ರು. ಮಗ್ಳು ಮಣೆ ಮ್ಯಾಲೆ ಕುಂತು ದಾರಿ ನೋಡ್ತಾವ್ಳೆ. ಕಾಸು ನಿನ್ ಜೇಬಲ್ಲಿಲ್ದಿದ್ರೆ ಒಬ್ಳೇ ಒಂಟೋಗ್ತಿದ್ದೆ.”

“ಬಸ್ಸು ಬದಲಾಯ್ಸೋ ಊರು, ಸುಮ್ಕೆ ಯಾಕೆ ಕೂರಾದು ಅಂತ ಪ್ಯಾಟೆ ಸುತ್ಕಂಡು ಬಂದೆ. ಓಟ್ಲಲ್ಲಿ ಮಸಾಲೆ ದ್ವಾಸೆ ತಿಂದೆ. ಎಂಗಿತ್ತು ಗೊತ್ತಾ?”

“ನಂಗೆಂಗೆ ಗೊತ್ತಾದದು? ಮದ್ವೆಯಾದಾಗ್ಲಿಂದ ಇಲ್ಲೇ ಬಸ್ಸು ಬದಲಾಯ್ಸ್ತಾವ್ನಿ. ಈ ಆಸ್ನ ಊರಲ್ಲಿ ನಾ ಕಂಡಿರೋದು ಈ ಬೆಂಚು ಒಂದೇಯ.”

“ಗಂಟು ಕಾಯಕ್ಕೆ ಯಾರಾದ್ರೂ ಬೇಕಲ್ಲಮ್ಮಿ.”

“ಬೇಕು ಕಣ.”

ಅವಳು ಎದ್ದು ಗಂಟನ್ನು ಅವನ ತೊಡೆಯ ಮೇಲಿಟ್ಟಳು. ಅವನ ಜೇಬಿಗೆ ಕೈಹಾಕಿ ಎಂಟಾಣೆ ಎತ್ತಿಕೊಂಡಳು.

“ಬಸ್ಸು ಬರೋಗಂಟ ಕಾಯಿ. ಕೆಳಗಿಟ್ಟೀಯ, ಉಷಾರು.”

“ಎಲ್ಗಮ್ಮಿ ಒಂಟೆ?”

“ದ್ವಾಸೆ ಎಂಗೈತೆ ನೋಡ್ಕಬತ್ತೀನಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ತಿರುಗಿ ನೋಡದೆ ಪೇಟೆ ಕಡೆ ನಡೆದಳು.

“ಅವ್ವಾ, ಒಸಿ ಇದ್ನ ಇಡ್ಕತೀರಾ?” ಅವನು ಗಂಟು ಮುಂದೆ ನೀಡಿದ.

ಅನಸೂಯಮ್ಮನವರು ಕೈ ಚಾಚಲಿಲ್ಲ.