ಪಂಪ್‌ಹೌಸಿನ ಗಂಟೆ

ಇದು ನಮ್ಮ ಸೋದರತ್ತೆ ಮಗ ಮಧುಕುಮಾರನಿಗೆ ಆದದ್ದು. ಹುಲ್ಲಹಳ್ಳಿಯಿಂದಾಚೆ, ನಾಲೆ ಪಕ್ಕದ ಪಂಪ್‌ಹೌಸಿನಿಂದ ಸರಿರಾತ್ರೀಲಿ ಒಬ್ಬನೇ ನಡೆದು ಬರುತ್ತಿದ್ದ. ಆಲದ ಮರದ ಕೆಳಗೆ ಹಾಳುಬಾವಿ ಇದೆ. ಅಲ್ಲಿಗೆ ಬಂದಾಗ ಹಿಂದಿನಿಂದ ಸದ್ದು... ಪಚಕ್, ಪಚಕ್. ನೀರು ತುಂಬಿದ ಗಂಬೂಟು ಹಾಕಿಕೊಂಡು ಯಾರೋ ನಡೆದ ಹಾಗೆ.

ನಿಂತ. ಸದ್ದೂ ನಿಂತಿತು.

ಆ ಬೂಟು ಯಾರದು ಅಂತ ಅವನಿಗೆ ಗೊತ್ತಿತ್ತು. ವಾಚ್‌ಮನ್ ಹುಚ್ಚಯ್ಯನದು. ಹುಚ್ಚಯ್ಯ ಸತ್ತು ಆಗಲೇ ತಿಂಗಳಾಗಿತ್ತು...

ಪಂಪ್‌ಹೌಸಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಮಧು. ಸಂಪಿನಲ್ಲಿ ನೀರು ಏರಿದರೆ ಗಂಟೆ ಹೊಡೆಸುವ ಕಾರ್ಡೊಂದು ಅದರಲ್ಲಿತ್ತು. ಆ ಕಾರ್ಡು ಕೆಲಸ ಮಾಡಬೇಕಾದರೆ ಕರ್ನಲ್‌ಗೆ, ಅಂದರೆ ಕಂಪ್ಯೂಟರಿನ ಬುಡಕ್ಕೆ, ಅದನ್ನು ನಡೆಸುವ ಪುಟ್ಟ ಪ್ರೋಗ್ರಾಂ ತುಣುಕು, ಮಾಡ್ಯೂಲ್ ಅನ್ನೋದು, ಲೋಡ್ ಆಗಬೇಕು. ಅಪ್‌ಗ್ರೇಡ್ ಮಾಡಿದ ಸಂಜೆ ಹೊಸ ಕರ್ನಲ್ ಹಳೇ ಮಾಡ್ಯೂಲನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ತೆರೆ ಮೇಲೆ ಎರರ್ ಬಂದದ್ದನ್ನು ಮಧು ನೋಡಿದ. ಟಿ. ನರಸೀಪುರದಲ್ಲಿ ಬೀಗರೂಟ, ಬಸ್ಸಿಗೆ ಹೊತ್ತಾಗಿತ್ತು. ನಾಳೆ ನೋಡಿದರಾಯಿತು ಅಂದುಕೊಂಡ.

"ಗಂಟೆ ಒಡೀತದಾ ಸಾ?" ಅಂತ ಹುಚ್ಚಯ್ಯ ಕೇಳಿದ್ದ.

"ಹೊಡೀತದೆ ಕಣಯ್ಯ, ಮಲಕ್ಕೋ."

ಆ ರಾತ್ರಿ ನೀರು ಏರಿತು. ಗಂಟೆ ಹೊಡೆಯಲಿಲ್ಲ. ತಡವಾಗಿ ಎಚ್ಚರಾಗಿ, ಕತ್ತಲಲ್ಲೇ ವಾಲ್ವ್ ಮುಚ್ಚಲು ಇಳಿದ ಹುಚ್ಚಯ್ಯ ಮೇಲೆ ಬರಲಿಲ್ಲ. ಕುಡಿದು ಬಿದ್ದ ಅಂದರು ಜನ. ಹುಚ್ಚಯ್ಯ ಕುಡೀತಲೇ ಇರಲಿಲ್ಲ. ಮಧು ಬಾಯಿ ಬಿಡಲಿಲ್ಲ.

ಆಮೇಲಿಂದ ಬೆಂಕಿ ಮೇಲೆ ಕೂತ ಹಾಗೆ ದಿನಾ ಸರಿರಾತ್ರಿವರೆಗೂ ಅಲ್ಲೇ ಕೂರುತ್ತಿದ್ದ. ಹೊಸ ಕರ್ನಲ್‌ಗೆ ತಕ್ಕ ಹಾಗೆ ಮಾಡ್ಯೂಲ್ ಮತ್ತೆ ಕಟ್ಟಿದ. ಲೋಡ್ ಮಾಡಿದರೆ ಸಾಕು, ಕಂಪ್ಯೂಟರ್ ಕುಸಿಯೋದು. ಎಲ್ಲಿ ಕುಸಿಯಿತು ಅಂತ ಹೆಸರು ಹಿಡಿದು ಹೇಳೋದಕ್ಕೆ ಡೀಬಗ್ ಸಿಂಬಲ್ ಅನ್ನೋ ಹೆಸರುಪಟ್ಟಿ ಬೇಕು. ಅವನಲ್ಲಿದ್ದದ್ದು ಹಳೇ ಕರ್ನಲ್‌ನದು, ಹೊಂದಲಿಲ್ಲ. ತೆರೆ ತುಂಬ ಬರೀ ಅಂಕಿ... ಒಂದಕ್ಕೂ ಹೆಸರಿಲ್ಲ.

ಬಾವಿ ಹತ್ತಿರ ಆ ಬೂಟಿನ ಸದ್ದು ಕೇಳಿದ ರಾತ್ರಿಯೂ ಹಾಗೇ ಸೋತು ಬರುತ್ತಿದ್ದ.

"ಸಾ..." ಬಾವಿ ಕಡೆಯಿಂದ ಪಿಸುದನಿ. "ನಾನು ಕುಡ್ದಿದ್ನಾ?"

ಮಧು ಬಾವಿ ಕಡೆ ತಿರುಗಿದ. "ಇಲ್ಲ... ಇಲ್ಲ ಕಣಯ್ಯ."

"ನಮ್ಮ ರಾಣಿಗೆ ಯೋಳಿ."

ಅವನು ಮನೆಗೆ ಹೋಗಲಿಲ್ಲ. ನೆಟ್ಟಗೆ ಹುಚ್ಚಯ್ಯನ ಹೆಂಡತಿ ರಾಣಿಯ ಬಾಗಿಲು ತಟ್ಟಿದ. ನಿಂತಲ್ಲೇ ಹೇಳಿದ. "ಗಂಟೆ ಹೊಡೆಯಲ್ಲ ಅಂತ ನಂಗೆ ಗೊತ್ತಿತ್ತು ಕಣಮ್ಮ. ಹೇಳ್ದೆ ಹೋದೆ. ಅವನು ಕುಡಿದಿರಲಿಲ್ಲ."

ರಾಣಿ ಬಾಗಿಲಿಗೆ ಕೈಯಿಟ್ಟಳು.

"ಇದ್ನ ಅಗಲೊತ್ನಲ್ಲಿ, ಎಲ್ರ ಮುಂದೆ ಯೋಳಿ ಸಾ," ಅಂದು ಬಾಗಿಲು ಹಾಕಿಕೊಂಡಳು.

ಹೇಳಿದ. ಎಂಜಿನಿಯರ್ ಮುಂದೆ, ಊರಿನವರ ಮುಂದೆ. ಕೆಲಸ ಹೋಯಿತು. ಅವನ ಜಾಗಕ್ಕೆ ಬಂದ ಇಂದ್ರಾಣಿಗೆ ವಹಿಸಿಕೊಡೋಕೆ ಕೊನೇ ಸಲ ಕಂಪ್ಯೂಟರ್ ಮುಂದೆ ಕೂತರೆ... ಮಾಡ್ಯೂಲ್ ಲೋಡ್ ಆಗಿದೆ. ಕುಸಿದಿಲ್ಲ. ಅವನಂತೂ ಲೋಡ್ ಮಾಡಿರಲಿಲ್ಲ. ತೆಗೆಯೋಕೆ ನೋಡಿದ, ಬರಲಿಲ್ಲ.

ಕಟ್ಟುಕತೆ ಅಲ್ಲ ಕಣ್ರೀ, ಆ ತೆರೆಯನ್ನ ನಾನೇ ಕಣ್ಣಾರೆ ನೋಡಿದೀನಿ. ಇಂದ್ರಾಣಿ ಮೊನ್ನೆ ಕಂಪ್ಯೂಟರ್ ಆರಿಸಿ, ಕಾರ್ಡನ್ನೇ ಕಿತ್ತಿಟ್ಟು, ಮತ್ತೆ ಆನ್ ಮಾಡಿದಳು. ಆ ಮಾಡ್ಯೂಲನ್ನ ಬಳಸೋ ಪ್ರೋಗ್ರಾಂ ಒಂದೂ ಓಡುತ್ತಿಲ್ಲ. ಆದರೂ ಮಾಡ್ಯೂಲ್ ತೆಗೆಯಲು ಹೋದರೆ ಈಗಲೂ ಒಂದೇ ಉತ್ತರ: ಬಳಕೆಯಲ್ಲಿದೆ.